ಮನೆಯಲ್ಲೇ ಕಲಿಯುವ ಮಕ್ಕಳಿಗೆ 21 ದಿನದ ಪಾಠ: ಸಣ್ಣ ಇನ್‌ಕ್ಯುಬೇಟರ್ ಕೊಳ್ಳುವುದೋ, ಮಾಡುವುದೋ?

ಶಾಲೆಗೆ ಕಳುಹಿಸದೆ ಮನೆಯಲ್ಲೇ ಪಾಠ ಹೇಳಿಕೊಡುವ ಹೆತ್ತವರು ಈಗ ನಮ್ಮ ನಡುವೆಯೂ ಇದ್ದಾರೆ. ಗಲ್ಫ್‌ನಿಂದ ಊರಿಗೆ ಬಂದು ಪರೀಕ್ಷೆಯನ್ನು ಎನ್‌ಐಒಎಸ್ ಮೂಲಕ ಬರೆಸುವ ಕುಟುಂಬಗಳೂ ಇವೆ. ಇಂಥ ಮಕ್ಕಳಿಗೆ ವಿಜ್ಞಾನ, ಗಣಿತ, ಜವಾಬ್ದಾರಿ ಮೂರನ್ನೂ ಒಟ್ಟಿಗೆ ಕಲಿಸುವ ಸುಲಭ ಸಾಧನ ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್. ಆದರೆ ಇದು ಆಟಿಕೆಯಲ್ಲ. ಒಳಗಿರುವುದು ಜೀವ. ಹಾಗಾಗಿ ದುಡ್ಡು ಹಾಕುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಕೋಳಿ ಮಾಡುವ ಕೆಲಸ ಏನು?

ಕಾವಿಗೆ ಕೂತ ಕೋಳಿ ನಾಲ್ಕು ಕೆಲಸ ಮಾಡುತ್ತದೆ: ಬಿಸಿ ಕೊಡುತ್ತದೆ, ತೇವ ಕಾಯುತ್ತದೆ, ಮೊಟ್ಟೆ ತಿರುಗಿಸುತ್ತದೆ, ಆಗಾಗ ಎದ್ದು ಗಾಳಿ ಆಡಲು ಬಿಡುತ್ತದೆ. ಯಂತ್ರವೂ ಇಷ್ಟನ್ನೇ ಮಾಡಬೇಕು.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದಿದ್ದರೆ ಬಿಸಿ ಗಾಳಿ ಮೇಲೆ ನಿಲ್ಲುತ್ತದೆ. ಆಗ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು ಸುಮಾರು 38.5 ಇಡಬೇಕು. ತೇವಾಂಶ ಮೊದಲ 18 ದಿನ ಶೇ. 50ರ ಆಸುಪಾಸು, ಕೊನೆಯ ಮೂರು ದಿನ ಶೇ. 65ರಿಂದ 70. ಮೊಟ್ಟೆಯನ್ನು ದಿನಕ್ಕೆ ಕನಿಷ್ಠ ಮೂರು ಸಲ ತಿರುಗಿಸಬೇಕು, 18ನೇ ದಿನದ ನಂತರ ಮುಟ್ಟಬಾರದು. ಕೋಳಿಗೆ 21 ದಿನ, ಬಾತುಕೋಳಿಗೆ 28 ದಿನ ಬೇಕು.

ಕೊಳ್ಳುವವರು ಗಮನಿಸಿ

6ರಿಂದ 12 ಮೊಟ್ಟೆಯದ್ದು ಸಾಕು. ಮೇಲ್ಮುಚ್ಚಳ ಪಾರದರ್ಶಕ ಇರಲಿ, ಮಕ್ಕಳಿಗೆ ಕಾಣಬೇಕಲ್ಲ? ಒಳಗೆ ಫ್ಯಾನ್ ಇರಲೇಬೇಕು. ಮುಚ್ಚಳ ತೆರೆಯದೆ ನೀರು ಹಾಕುವಂತಿದ್ದರೆ ಒಳ್ಳೆಯದು. 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವಂಥದ್ದು ಸಿಕ್ಕರೆ ಅದನ್ನೇ ಆರಿಸಿ. ತಾನಾಗಿ ಮೊಟ್ಟೆ ತಿರುಗಿಸುವ ವ್ಯವಸ್ಥೆ ದೊಡ್ಡವರಿಗೆ ಅನುಕೂಲ. ಆದರೆ ಮಕ್ಕಳು ಮನೆಯಲ್ಲೇ ಇರುತ್ತಾರಾದರೆ ಕೈಯಿಂದ ತಿರುಗಿಸುವುದೇ ಪಾಠ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ‘ಅ’, ಇನ್ನೊಂದು ಬದಿಗೆ ‘ಆ’ ಎಂದು ಬರೆದುಕೊಟ್ಟರೆ ಆರು ವರ್ಷದ ಮಗುವೂ ಮಾಡುತ್ತದೆ.

ಯಂತ್ರದ ಡಿಸ್‌ಪ್ಲೇಯನ್ನು ಕಣ್ಣುಮುಚ್ಚಿ ನಂಬಬೇಡಿ. ಬೇರೆಯೇ ಒಂದು ಥರ್ಮಾಮೀಟರ್ ಒಳಗಿಟ್ಟು ಹೋಲಿಸಿ. ಒಂದು ಡಿಗ್ರಿ ವ್ಯತ್ಯಾಸವೂ ಇಲ್ಲಿ ದೊಡ್ಡದು. ತಂಪಿಗಿಂತ ಬಿಸಿಯೇ ಹೆಚ್ಚು ಅಪಾಯ: 40 ಡಿಗ್ರಿಯ ಮೇಲೆ ಕೆಲವು ಗಂಟೆ ಹೋದರೆ ಒಳಗಿನ ಜೀವ ಉಳಿಯುವುದು ಕಷ್ಟ.

ಮನೆಯಲ್ಲೇ ಮಾಡುವುದಾದರೆ

ಮೀನು ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆ ನಮ್ಮ ಕರಾವಳಿಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಸೋಪಿನಲ್ಲಿ ಚೆನ್ನಾಗಿ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ. 25 ವ್ಯಾಟ್‌ನ ಎರಡು ಬಲ್ಬ್, ಹಳೆ ಕಂಪ್ಯೂಟರಿನ ಸಣ್ಣ ಫ್ಯಾನ್, ಎಸ್‌ಟಿಸಿ-1000 ತರಹದ ಒಂದು ಡಿಜಿಟಲ್ ಥರ್ಮೋಸ್ಟಾಟ್, ತೇವಾಂಶ ಅಳೆಯುವ ಮೀಟರ್, ನೀರಿನ ತಟ್ಟೆ, ಮೊಟ್ಟೆಯ ಕೆಳಗೆ ಒರಟು ಬಟ್ಟೆ. ಬದಿಗಳಲ್ಲಿ ಗಾಳಿಗೆ ನಾಲ್ಕು ಸಣ್ಣ ತೂತು. ಬಲ್ಬ್ ಎರಡಿದ್ದರೆ ಒಂದು ಸುಟ್ಟರೂ ಇನ್ನೊಂದು ಕಾಯುತ್ತದೆ.

ಬಲ್ಬ್ ಹಳೆ ತಂತಿ ಬಲ್ಬೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಸಾಕಷ್ಟು ಬಿಸಿ ಕೊಡುವುದಿಲ್ಲ. ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುತ್ತದೆ, ಬಲ್ಬ್ ಅದಕ್ಕೆ ತಾಗಬಾರದು. ಸುತ್ತ ತಂತಿ ಬಲೆ ಕಟ್ಟಿ. ವಯರಿಂಗನ್ನು ಮಕ್ಕಳ ಕೈಗೆ ಕೊಡಬೇಡಿ, ತಿಳಿದವರಿಂದ ಮಾಡಿಸಿ. ಮೊಟ್ಟೆ ಇಡುವ ಮೊದಲು ಒಂದು ದಿನ ಖಾಲಿ ಪೆಟ್ಟಿಗೆ ಓಡಿಸಿ ನೋಡಿ.

ನೀರು ಎಷ್ಟು ಹಾಕಬೇಕು?

ಇದಕ್ಕೆ ಉತ್ತರ ನಿಮ್ಮ ಊರಿನ ಹವೆಯಲ್ಲಿದೆ. ಗಾಳಿ ಬಿಸಿಯಾದಂತೆ ಅದರ ಶೇಕಡಾ ತೇವಾಂಶ ಇಳಿಯುತ್ತದೆ. ಜುಲೈಯಲ್ಲಿ ಮಂಜೇಶ್ವರದ ಹೊರಗಿನ ಗಾಳಿ 28 ಡಿಗ್ರಿ, ತೇವ ಶೇ. 85 ಇದ್ದರೆ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಏರಿದಾಗ ಸುಮಾರು ಶೇ. 50 ಆಗುತ್ತದೆ. ಅಂದರೆ ಮಳೆಗಾಲದಲ್ಲಿ ಮೊದಲ 18 ದಿನ ನೀರೇ ಬೇಡ ಎನ್ನಬಹುದು. ಆದರೆ ದುಬೈಯ ಎಸಿ ರೂಮಿನಲ್ಲಿ 24 ಡಿಗ್ರಿ, ಶೇ. 50 ಇದ್ದರೆ ಪೆಟ್ಟಿಗೆಯೊಳಗೆ ಶೇ. 23ಕ್ಕೆ ಬೀಳುತ್ತದೆ. ಅಲ್ಲಿ ನೀರಿನ ತಟ್ಟೆ ಬೇಕೇ ಬೇಕು.

ಸರಿಯಾಗಿದೆಯಾ ಎಂದು ತಿಳಿಯಲು ಮೊಟ್ಟೆ ತೂಗಿ. 18 ದಿನದಲ್ಲಿ ತೂಕ ಶೇ. 12ರಷ್ಟು ಇಳಿಯಬೇಕು. 50 ಗ್ರಾಂ ಮೊಟ್ಟೆ 44 ಗ್ರಾಂ ಆಗಬೇಕು. ಶೇಕಡಾವಾರು ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಏಳನೇ ದಿನ ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಜೇಡರ ಬಲೆಯಂಥ ರಕ್ತನಾಳ ಕಾಣುತ್ತದೆ. ಏನೂ ಕಾಣದ ಮೊಟ್ಟೆಯನ್ನು ತೆಗೆದುಬಿಡಿ.

ಮೊಟ್ಟೆ ಎಲ್ಲಿಂದ?

ಅಂಗಡಿಯ ಬಿಳಿ ಮೊಟ್ಟೆ ಆಗುವುದಿಲ್ಲ, ಹುಂಜವಿಲ್ಲದ ಫಾರ್ಮಿನದ್ದು ಅದು. ಹುಂಜ ಇರುವ ಮನೆಯ ಊರ ಕೋಳಿಯ ಮೊಟ್ಟೆಯೇ ಬೇಕು. ಇಟ್ಟು ಏಳು ದಿನ ದಾಟಿರಬಾರದು, ಫ್ರಿಜ್ಜಿನಲ್ಲಿ ಇಟ್ಟಿರಬಾರದು, ತೊಳೆದಿರಬಾರದು. ಹಕ್ಕಿಜ್ವರದ ಸುದ್ದಿ ಇರುವಾಗ ಹೊರಗಿನಿಂದ ತರಲೇಬೇಡಿ.

ಕರೆಂಟ್ ಹೋದರೆ?

ಮಳೆಗಾಲದಲ್ಲಿ ಇದು ಖಂಡಿತ. ಗಾಬರಿ ಬೇಡ. ಮುಚ್ಚಳ ತೆರೆಯದೆ ಗಾಳಿ ತೂತು ಬಿಟ್ಟು ಕಂಬಳಿ ಹೊದಿಸಿ. ಒಂದೆರಡು ಗಂಟೆಯನ್ನು ಮೊಟ್ಟೆಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಾದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮೊಟ್ಟೆಗೆ ತಾಗದಂತೆ ಒಳಗಿಡಿ.

ಮೊದಲೇ ಮಾತಾಡಿ

ಹಾಕಿದ ಎಲ್ಲ ಮೊಟ್ಟೆಯೂ ಮರಿಯಾಗುವುದಿಲ್ಲ. ಕೆಲವು ಚಿಪ್ಪಿನೊಳಗೇ ಸಾಯಬಹುದು. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಚಿಪ್ಪು ಒಡೆಯಲು ತಡವಾಯಿತೆಂದು ಉಗುರಿನಿಂದ ಕೀಳಲು ಬಿಡಬೇಡಿ. ಮೊದಲ ತೂತಿನಿಂದ ಹೊರಬರಲು ಒಂದು ದಿನ ಹಿಡಿದರೂ ಅದು ಸಹಜ. ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡುವ ಅಪಾಯವಿದೆ.

ಹುಟ್ಟಿದ ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಬಿಸಿ ಬೇಕು, ನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಅವುಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಫ್ಲ್ಯಾಟಿನಲ್ಲಿರುವವರು ಮರಿಗಳನ್ನು ಯಾರ ಹಿತ್ತಿಲಿಗೆ ಕೊಡುತ್ತೀರಿ ಎಂದು ಮೊಟ್ಟೆ ಇಡುವ ಮೊದಲೇ ಕೇಳಿಟ್ಟುಕೊಳ್ಳಿ. ಜಾಗ ಸಿಕ್ಕಿಲ್ಲವೇ? ಹಾಗಾದರೆ ಸದ್ಯಕ್ಕೆ ಮೊಟ್ಟೆ ಇಡಬೇಡಿ. ಒಂದು ಜೀವವನ್ನು ತರುವ ಮೊದಲು ಅದಕ್ಕೆ ನೆಲೆ ನೋಡಬೇಕು ಎಂಬುದೂ ಮಕ್ಕಳು ಇಲ್ಲಿ ಕಲಿಯಬೇಕಾದ ಪಾಠವೇ.