ಥರ್ಮಾಕೋಲ್‌ಗೆ ಫೈಬರ್ ಹಚ್ಚಿದರೆ ಹಾಯಿದೋಣಿ ಆಗುತ್ತದೆಯೇ?

‘ಫ್ರಿಜ್ ಬಾಕ್ಸಿನ ಥರ್ಮಾಕೋಲ್ ಜೋಡಿಸಿ, ಮೇಲೆ ಫೈಬರ್ ಬಟ್ಟೆ ಹಾಸಿ ರೆಸಿನ್ ಬಳಿಯಿರಿ, ಮನೆಯಲ್ಲೇ ದೋಣಿ ರೆಡಿ!’ ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಹಲಸೂರು ಕೆರೆ ನೋಡುತ್ತಾ ಬೆಳೆದವರಿಗೆ ಆಸೆಯಾಗುವುದು ಸಹಜವೇ. ಆದರೆ ಇದರಲ್ಲಿ ಅರ್ಧ ಮಾತ್ರ ನಿಜ.

ಮೊದಲು ನಿಜದ ಅರ್ಧ ನೋಡೋಣ. ಹಗುರವಾದ ತಿರುಳಿನ ಎರಡೂ ಬದಿಗೆ ಫೈಬರ್‌ಗ್ಲಾಸ್ ಅಂಟಿಸಿ ದೋಣಿಯ ಮೈ ಕಟ್ಟುವುದು ಒಳ್ಳೆಯ ವಿಧಾನ. ಹಾಳೆಯ ದಪ್ಪ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಗುಣ ಎಂಟು ಪಟ್ಟಾಗುತ್ತದೆ. ಪೂರ್ತಿ ಫೈಬರ್‌ನಲ್ಲೇ ಅಷ್ಟು ದಪ್ಪ ತಂದರೆ ದೋಣಿ ಭಾರವಾಗುತ್ತದೆ, ಆದ್ದರಿಂದ ನಡುವೆ ತಿರುಳು. 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ‘ಮಾದೇಯಿ’ ನೌಕೆಯ ಮೈಯೂ ಹೀಗೇ. ಗೋವಾದಲ್ಲಿ ಕಟ್ಟಿದ ಅದಕ್ಕೆ ಮರದ ಪಟ್ಟಿಗಳೇ ತಿರುಳು. ಫೈಬರ್ ಎಂದರೆ ನೀರಿನ ಟ್ಯಾಂಕ್ ನೆನಪಾಗುವವರಿಗೆ ಇನ್ನೊಂದು ಮಾತು: ನಮ್ಮ ಇಂದಿರಾನಗರದ ಪಕ್ಕ, ಕೋಡಿಹಳ್ಳಿಯಲ್ಲಿರುವ ಎನ್‌ಎಎಲ್ ರೂಪಿಸಿದ, 1993ರಲ್ಲಿ ಮೊದಲು ಹಾರಿದ ‘ಹಂಸ’ ತರಬೇತಿ ವಿಮಾನದ ಮೈ ಕೂಡ ಫೈಬರ್-ರೆಸಿನ್ ಸಂಯೋಜನೆಯದ್ದೇ.

ಇನ್ನು ಸುಳ್ಳಿನ ಅರ್ಧ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ದ್ರವ ಥರ್ಮಾಕೋಲನ್ನು ಕರಗಿಸುತ್ತದೆ. ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರ್ ಬಿದ್ದರೆ ಥರ್ಮಾಕೋಲ್ ಕುಸಿಯುತ್ತದಲ್ಲ, ಹಾಗೆಯೇ.

‘ಎಪಾಕ್ಸಿ ಬಳಸಿದರೆ?’ ಕರಗುವುದಿಲ್ಲ ನಿಜ, ಆದರೂ ದೋಣಿ ಗಟ್ಟಿಯಾಗುವುದಿಲ್ಲ. ಒಂದು ದಪ್ಪ ಪುಸ್ತಕ ಬಗ್ಗಿಸಿ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರುವುದರಿಂದಲೇ ಅದು ಸುಲಭವಾಗಿ ಬಾಗುತ್ತದೆ. ಎರಡು ಬದಿಯ ಫೈಬರ್ ಹೀಗೆ ಜಾರದಂತೆ ಹಿಡಿಯುವುದೇ ತಿರುಳಿನ ಕೆಲಸ. ಪ್ಯಾಕಿಂಗ್ ಥರ್ಮಾಕೋಲಿನ ಮಣಿಗಳು ಆ ಎಳೆತಕ್ಕೆ ಬಿಟ್ಟುಕೊಳ್ಳುತ್ತವೆ. ಅಲೆ ಬಡಿದಲ್ಲಿ ಫೈಬರ್ ಪದರ ಕಿತ್ತುಬರುತ್ತದೆ, ಅದೂ ದಡದಿಂದ ದೂರದಲ್ಲಿ.

ಹಾಗಾದರೆ ಯಾವುದು ಸರಿ? ದೋಣಿಗೆಂದೇ ತಯಾರಾಗುವ ಪಿವಿಸಿ ಫೋಮ್ ಹಗುರ, ನೀರು ಹೀರುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಬಾಲ್ಸಾ ಮರ ಗಟ್ಟಿ, ಆದರೆ ಸ್ಕ್ರೂ ತೂತಿನಿಂದ ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ಅದಕ್ಕೇ ಅನುಭವಿಗಳು ಮೊದಲು ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸ್ಕ್ರೂ ತೂತು ಹಾಕುತ್ತಾರೆ. ಹಗುರ ಮರದ ಪಟ್ಟಿಗಳು ಮನೆಯ ಕೆಲಸಕ್ಕೆ ಒಗ್ಗುತ್ತವೆ, ತಪ್ಪನ್ನೂ ಸಹಿಸುತ್ತವೆ. ಹತ್ತು-ಹನ್ನೆರಡು ಅಡಿಯ ಮೊದಲ ದೋಣಿಗಾದರೆ, ನಮ್ಮ ಅಭಿಪ್ರಾಯದಲ್ಲಿ, ತಿರುಳಿನ ತಲೆನೋವೇ ಬೇಡ. ಮರೈನ್ ಪ್ಲೈವುಡ್‌ಗೆ ಎರಡೂ ಬದಿ ಎಪಾಕ್ಸಿ, ಫೈಬರ್‌ಗ್ಲಾಸ್ ಸಾಕು. ಅಂಗಡಿಯವರು ಅಡುಗೆಮನೆಯ ಕಬೋರ್ಡ್ ಪ್ಲೈಯನ್ನೂ ‘ಮರೈನ್’ ಎನ್ನುವುದುಂಟು. ಹಾಳೆಯ ಮೇಲೆ ‘ಐಎಸ್ 710’ ಮುದ್ರೆ ಇದೆಯೇ ನೋಡಿ.

ವಿಡಿಯೊಗಳು ಹೇಳದೇ ಬಿಡುವುದು ಇನ್ನೊಂದಿದೆ. ಪಾಲಿಯೆಸ್ಟರ್ ರೆಸಿನ್ ಜತೆ ಕೊಡುವ ಎಂಇಕೆಪಿ ದ್ರವ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಹಾಕಿಯೇ ಮುಟ್ಟಿ. ಕೋಬಾಲ್ಟ್ ದ್ರವವನ್ನು ಪ್ರತ್ಯೇಕವಾಗಿ ಕೊಟ್ಟಿದ್ದರೆ ಅದನ್ನು ಎಂಇಕೆಪಿ ಜತೆ ನೇರವಾಗಿ ಎಂದಿಗೂ ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು ಅಥವಾ ಸ್ಫೋಟಿಸಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲಷ್ಟೇ ಎಂಇಕೆಪಿ. ಸ್ಟೈರೀನ್ ಆವಿ ತಲೆ ಸುತ್ತಿಸುತ್ತದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.