ಬೆನ್ನಿಗೆ ಹಾಕೋ ಫ್ರೇಮ್ ಚೀಲ ಮನೆಯಲ್ಲೇ ಹೊಲಿಯಬಹುದು. ಹೊಸ ಮಷಿನ್‌ಗೆ ದುಡ್ಡು ಸುರಿಯೋ ಮುಂಚೆ ಇದನ್ನ ಓದಿ

ಸೂಳೆಕೆರೆ (ಚನ್ನಗಿರಿ): ಸಂತೆಯಲ್ಲಿ ತಗೊಂಡ ಬ್ಯಾಗು ಎಲ್ಲಿ ಹರಿಯುತ್ತೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ. ಬಟ್ಟೆ ಹರಿಯಲ್ಲ, ಹೆಗಲಿನ ಪಟ್ಟಿ ಕಿತ್ತು ಬರುತ್ತೆ. ಅದೂ ಮನೆಯಲ್ಲಿದ್ದಾಗ ಅಲ್ಲ. ತೋಟದ ನಡುವೆ ಗೊಬ್ಬರ ಹೊತ್ತಾಗ, ಏರಿ ಕೆಳಗಿಂದ ಒದ್ದೆ ಬಲೆ ಹೊತ್ತು ಹತ್ತುವಾಗ, ಇಲ್ಲಾಂದ್ರೆ ಪಾದಯಾತ್ರೆಯ ಅರ್ಧ ದಾರಿಯಲ್ಲಿ. ಔಷಧಿ ಹೊಡೆಯೋ ಸ್ಪ್ರೇಯರ್‌ದೂ ಇದೇ ಕತೆ. 16 ಲೀಟರ್ ಟ್ಯಾಂಕ್ ತುಂಬಿದರೆ ನೀರೇ 16 ಕೆ.ಜಿ., ಅದರ ಜೊತೆ ಟ್ಯಾಂಕು, ಬ್ಯಾಟರಿ. ಇಷ್ಟೂ ನಿಂತಿರೋದು ಎರಡು ತೆಳು ಪಟ್ಟಿಗಳ ಮೇಲೆ.

ಭಾರ ಹೊರೋಕೆ ಅಂತಲೇ ಗಟ್ಟಿ ಫ್ರೇಮ್ ಇರೋ ಚೀಲ ಅಂಗಡಿಯಲ್ಲಿ ಕೇಳಿದರೆ ನಮ್ಮ ಕಡೆ ಸುಲಭಕ್ಕೆ ಸಿಗಲ್ಲ, ಸಿಕ್ಕರೆ ರೇಟು ಕೇಳಿ ವಾಪಸ್ ಬರಬೇಕು. ಆದರೆ ಮನೆಯಲ್ಲಿ ಕಾಲಲ್ಲಿ ತುಳಿಯೋ ಹೊಲಿಗೆ ಮಷಿನ್ ಇದ್ದರೆ ಇದನ್ನ ಹೊಲಿಯೋದು ಕಷ್ಟದ ಕೆಲಸ ಏನಲ್ಲ. ಕಷ್ಟ ಇರೋದು ಯಾವ ಸೂಜಿ, ಯಾವ ದಾರ, ಎಲ್ಲಿ ಎಷ್ಟು ಹೊಲಿಗೆ ಅನ್ನೋದರಲ್ಲಿ. ಇದು ಗೊತ್ತಿಲ್ಲದೆ "ಈ ಮಷಿನ್‌ಗೆ ಆಗಲ್ಲ" ಅಂತ ಸಾಲ ಮಾಡಿ ದೊಡ್ಡ ಮಷಿನ್ ತಂದು ಮೂಲೆಗೆ ಇಟ್ಟರೆ ಕಂತು ಮಾತ್ರ ಉಳಿಯುತ್ತೆ.

ಫ್ರೇಮ್ ಯಾಕೆ ಬೇಕು?

ಮಾಮೂಲಿ ಬ್ಯಾಗಿನಲ್ಲಿ ತೂಕ ಎಲ್ಲಾ ಹೆಗಲಿನ ಮೇಲೆ ಬೀಳುತ್ತೆ. ಚೀಲ ಹಿಂದಕ್ಕೆ ಜಗ್ಗುತ್ತೆ, ಅದಕ್ಕೆ ಸರಿದೂಗಿಸೋಕೆ ಮನುಷ್ಯ ಮುಂದಕ್ಕೆ ಬಾಗ್ತಾನೆ, ಸಂಜೆಗೆ ಕುತ್ತಿಗೆ ಹಿಡ್ಕೊಳ್ಳುತ್ತೆ. ಬೆನ್ನಿನ ಉದ್ದಕ್ಕೂ ಬಗ್ಗದ ಚೌಕಟ್ಟು ಇದ್ದು, ಅದರ ಕೆಳಭಾಗಕ್ಕೆ ಅಗಲವಾದ ಸೊಂಟದ ಪಟ್ಟಿ ಇದ್ದರೆ ತೂಕದ ದೊಡ್ಡ ಪಾಲು ಸೊಂಟದ ಮೂಳೆಗೆ ಇಳಿಯುತ್ತೆ. ಹೆಗಲಿನ ಪಟ್ಟಿಗೆ ಚೀಲ ಹಿಂದಕ್ಕೆ ಬೀಳದಂತೆ ಹಿಡಿಯೋ ಕೆಲಸ ಅಷ್ಟೇ. ನೀರು ತರೋ ಹೆಂಗಸರು ಕೊಡವನ್ನ ಸೊಂಟಕ್ಕೆ ಇಟ್ಟುಕೊಳ್ಳೋದು ಸುಮ್ಮನೆ ಅಲ್ಲ.

ಈಗ ಚಾರಣಕ್ಕೆ ಹೋಗೋರು ಹಾಕೋ ದೊಡ್ಡ ಚೀಲಗಳ ಮೂಲವೂ ಒಂದು ಮನೆಯ ಹೊಲಿಗೆಯೇ. 1952ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಡಿಕ್ ಕೆಲ್ಟಿ ಅನ್ನೋರು ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ಪೈಪ್ ಬಗ್ಗಿಸಿ ಫ್ರೇಮ್ ಮಾಡ್ತಿದ್ದರು, ಹೆಂಡತಿ ನೀನಾ ಮನೆಯೊಳಗೆ ಕೂತು ಅದಕ್ಕೆ ಚೀಲ ಹೊಲೀತಿದ್ದರು. ಅದಕ್ಕೂ ಮುಂಚೆ ಬೆಟ್ಟ ಹತ್ತುವಾಗ ಫ್ರೇಮಿನ ಕೆಳಗಿನ ತುದಿಗಳನ್ನ ಪ್ಯಾಂಟಿನ ಹಿಂದಿನ ಜೇಬಿಗೆ ಸಿಗಿಸಿದಾಗ ಹೆಗಲು ಹಗುರಾಯ್ತಂತೆ, ಸೊಂಟದ ಪಟ್ಟಿಯ ಉಪಾಯ ಹೊಳೆದದ್ದು ಹಾಗೆ ಅಂತ ಹೇಳ್ತಾರೆ. ಆ ಹೆಸರಿನ ಬ್ಯಾಗು ಇವತ್ತಿಗೂ ಮಾರಾಟ ಆಗುತ್ತೆ.

ಚೌಕಟ್ಟು: ಪೈಪೋ ದಬ್ಬೆಯೋ?

ಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಪೈಪು ಒಳ್ಳೆಯದು. ಹಗುರ, ತುಕ್ಕು ಹಿಡಿಯಲ್ಲ. ದೊಡ್ಡವರಿಗೆ ಸುಮಾರು 24 ಇಂಚು ಉದ್ದದ ಎರಡು ನಿಲುವು, ನಡುವೆ 12 ಇಂಚಿನ ಮೂರು ಅಡ್ಡಪಟ್ಟಿ ಸಾಕು. ಆದರೆ ಅಳತೆ ತಗೊಳ್ಳಬೇಕಾದ್ದು ಪೈಪಿನಿಂದ ಅಲ್ಲ, ಹೊರೋರ ಬೆನ್ನಿಂದ. ತಲೆ ಬಗ್ಗಿಸಿದಾಗ ಕುತ್ತಿಗೆ ಕೆಳಗೆ ಉಬ್ಬಿ ಕಾಣೋ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡೀರಿ. ಹೆಗಲಿನ ಪಟ್ಟಿಗೂ ಸೊಂಟದ ಪಟ್ಟಿಗೂ ಇರಬೇಕಾದ ಅಂತರ ಇದೇ. ಗಂಡನ ಅಳತೆಗೆ ಮಾಡಿದ್ದು ಹೆಂಡತಿಗೆ ಕೂರಲ್ಲ.

ಪೈಪಿಗೆ ಖರ್ಚು ಬೇಡ ಅನ್ನೋರಿಗೆ ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ದಬ್ಬೆಗೇನು ಬರ. ಚೆನ್ನಾಗಿ ಒಣಗಿದ ದಬ್ಬೆ ಉದ್ದಕ್ಕೆ ಗಟ್ಟಿ, ಆದರೆ ತೂತು ಕೊರೆದು ಬೋಲ್ಟ್ ಹಾಕಿದರೆ ಅಲ್ಲಿಂದಲೇ ಸೀಳುತ್ತೆ. ಹಗ್ಗದಲ್ಲಿ ಬಿಗಿದು ಕಟ್ಟಬೇಕು. ಸಿಬಿರು ಏಳದ ಹಾಗೆ ಉಪ್ಪುಕಾಗದ ಹಾಕಿ ಉಜ್ಜದೇ ಹೋದರೆ ಬೆನ್ನಿಗೂ ಚುಚ್ಚುತ್ತೆ, ಬಟ್ಟೆಯನ್ನೂ ತಿನ್ನುತ್ತೆ. ಹತ್ತು ಕೆ.ಜಿ. ಒಳಗಿನ ಭಾರಕ್ಕೆ ದಬ್ಬೆ ನಡೆಯುತ್ತೆ. ಅದಕ್ಕಿಂತ ಜಾಸ್ತಿಗೆ ಪೈಪೇ ಸರಿ.

ಚೌಕಟ್ಟಿಗೆ ಹೊಲಿಗೆ ಎರಡು ಕಡೆ ಬರುತ್ತೆ. ಒಂದು, ಬೆನ್ನಿಗೆ ತಾಗೋ ಅಡ್ಡ ಪಟ್ಟಿಗಳು. ಐದಾರು ಇಂಚು ಅಗಲದ ಎರಡು ಕ್ಯಾನ್ವಾಸ್ ಪಟ್ಟಿಯನ್ನ ನಿಲುವುಗಳ ಸುತ್ತ ತಂದು, ತುದಿಗೆ ಐಲೆಟ್ ಹೊಡೆದು, ಹಿಂದುಗಡೆ ಶೂ ಲೇಸಿನ ಹಾಗೆ ಹಗ್ಗ ಎಳೆದು ಬಿಗಿ ಮಾಡಬೇಕು. ಹೊರಸಿಗೆ ನವಾರು ಬಿಗಿದ ಹಾಗೆ ಇರಬೇಕು, ಕಬ್ಬಿಣವಾಗಲಿ ಪೈಪಾಗಲಿ ಬೆನ್ನಿಗೆ ತಾಗಬಾರದು, ನಡುವೆ ಗಾಳಿ ಆಡಬೇಕು. ಇನ್ನೊಂದು, ಚೀಲವನ್ನ ನಿಲುವಿಗೆ ಏರಿಸೋ ತೂರುಪಟ್ಟಿ, ಲಂಗಕ್ಕೆ ಲಾಡಿ ಹಾಕೋ ಮಡಿಕೆ ಇರುತ್ತಲ್ಲ ಆ ತರದ್ದು. ಇಲ್ಲಿ ಹೆಚ್ಚಿನವರು ತಪ್ಪೋದು ಅಳತೆಯಲ್ಲಿ. ಮುಕ್ಕಾಲು ಇಂಚು ಪೈಪು ಅಂತ ಮಡಿಕೆಯನ್ನೂ ಮುಕ್ಕಾಲು ಇಂಚಿಗೆ ಹೊಲಿದರೆ ಪೈಪು ಒಳಗೇ ಹೋಗಲ್ಲ. ಪೈಪಿನ ಸುತ್ತಳತೆ ಸುಮಾರು 6 ಸೆಂ.ಮೀ., ಅದರ ಅರ್ಧ 3 ಸೆಂ.ಮೀ., ಸ್ವಲ್ಪ ಸಡಿಲ ಸೇರಿಸಿದರೆ ಮಡಿಕೆ ಒಂದೂವರೆ ಇಂಚು ಇರಬೇಕು.

ಬಟ್ಟೆ ವಿಚಾರ

ಯೂರಿಯಾ ಚೀಲ ಪುಕ್ಕಟೆ ಸಿಗುತ್ತೆ ಅಂತ ಅದರಲ್ಲೇ ಹೊಲಿಯೋ ಆಸೆ ಎಲ್ಲರಿಗೂ ಬರುತ್ತೆ. ಅದರ ಎಳೆ ಹೊಲಿಗೆ ಪಕ್ಕದಲ್ಲೇ ಜಾರುತ್ತೆ, ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿ ಆಗುತ್ತೆ. ಅಳತೆ ನೋಡೋಕೆ ಮೊದಲ ಸ್ಯಾಂಪಲ್ ಮಾಡೋಕೆ ಮಾತ್ರ ಲಾಯಕ್ಕು. ಬ್ಯಾಗ್ ಮೆಟೀರಿಯಲ್ ಮಾರೋರ ಹತ್ತಿರ "600 ಡೀನಿಯರ್ ಪಾಲಿಯೆಸ್ಟರ್" ಅಂತ ಕೇಳಿ, ಒಳಗಡೆ ಕೋಟಿಂಗ್ ಇರೋದು ನೋಡಿ ತಗೊಳ್ಳಿ. ದಪ್ಪ ಹತ್ತಿ ಕ್ಯಾನ್ವಾಸೂ ಆಗುತ್ತೆ, ನೆಂದರೆ ಭಾರ ಅಷ್ಟೇ. ರೆಕ್ಸಿನ್ ಮಷಿನ್ ಫುಟ್‌ಗೆ ಅಂಟಿಕೊಂಡು ಮುಂದೆ ಹೋಗಲ್ಲ. ಮೇಲೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ಆಯ್ತು.

ನೈಲಾನ್ ಪಟ್ಟಿ ಕತ್ತರಿಸಿದ ಮೇಲೆ ತುದಿಯನ್ನ ದೀಪಕ್ಕೆ ಹಿಡಿದು ಸ್ವಲ್ಪ ಕರಗಿಸಿ. ಇಲ್ಲಾಂದ್ರೆ ಎಳೆ ಬಿಚ್ಚಿಕೊಳ್ತಾ ಹೋಗುತ್ತೆ.

ಹರಿಯೋ ಜಾಗ

ಪಟ್ಟಿ ಕಿತ್ತು ಬರೋದು ಯಾಕೆ? ರೆಡಿಮೇಡ್ ಬ್ಯಾಗು ಬಿಚ್ಚಿ ನೋಡಿದರೆ ಗೊತ್ತಾಗುತ್ತೆ. ಅಗ್ಗದ ಬ್ಯಾಗಿನಲ್ಲಿ ಪಟ್ಟಿಯ ತುದಿಯನ್ನ ಎರಡು ಬಟ್ಟೆ ನಡುವೆ ಅರ್ಧ ಇಂಚು ಸಿಗಿಸಿ ಒಂದೇ ಸಾಲು ಹೊಲಿಗೆ ಓಡಿಸಿರ್ತಾರೆ. ತೂಕ ಎಲ್ಲಾ ಆ ಒಂದು ಸಾಲಿನ ಮೇಲೆ.

ಮನೆಯಲ್ಲಿ ಹೊಲಿಯೋರು ಪಟ್ಟಿಯನ್ನ ಕನಿಷ್ಠ ಎರಡು ಇಂಚು ಬಟ್ಟೆ ಮೇಲೆ ಕೂರಿಸಿ, ಹಿಂದುಗಡೆ ಅಂಗೈ ಅಗಲದ ಇನ್ನೊಂದು ತುಂಡು ಬಟ್ಟೆ ಕೊಟ್ಟು, ಸುತ್ತ ಚೌಕ ಹೊಲಿದು, ಚೌಕದ ಒಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು ಬರೋ ಹಾಗೆ ಹೊಲಿಯಬೇಕು. ಹೊಲಿಗೆ ಹತ್ತಿರ ಹತ್ತಿರ ಇದ್ದರೆ ಗಟ್ಟಿ ಅನ್ನೋದು ತಪ್ಪು ತಿಳುವಳಿಕೆ. ರವಿಕೆಗೆ ಹಾಕೋ ಸಣ್ಣ ಹೊಲಿಗೆ ಇಲ್ಲಿ ಹಾಕಿದರೆ ಅಂಚೆ ಚೀಟಿ ಹಾಳೆಯಲ್ಲಿ ತೂತು ಹೊಡೆದ ಹಾಗಾಗಿ ಬಟ್ಟೆ ಆ ಸಾಲಿನಲ್ಲೇ ಹರಿಯುತ್ತೆ. ಇಂಚಿಗೆ ಆರರಿಂದ ಎಂಟು ಹೊಲಿಗೆ ಸಾಕು.

ದಾರ ಮುಖ್ಯ. ಹತ್ತಿ ದಾರ ಮಳೆಗೆ ಕೊಳೆಯುತ್ತೆ, ಬಿಸಿಲಲ್ಲಿ ನೈಲಾನ್‌ಗಿಂತ ಪಾಲಿಯೆಸ್ಟರ್ ಜಾಸ್ತಿ ತಡೆಯುತ್ತೆ. ರೀಲಿನ ಮೇಲೆ ಟಿಕೆಟ್ ನಂಬರ್ ಇರುತ್ತೆ, ಅದು ಕಡಿಮೆ ಆದಷ್ಟೂ ದಾರ ದಪ್ಪ. ಬಟ್ಟೆ ಹೊಲಿಯೋದು 120, ಬ್ಯಾಗಿಗೆ ಬೇಕಾದ್ದು 60 ಇಲ್ಲಾಂದ್ರೆ 40. ಬಾಬಿನ್‌ಗೂ ಅದೇ ದಾರ ಸುತ್ತಿ. ಮೇಲೆ ದಪ್ಪ ಕೆಳಗೆ ತೆಳು ಹಾಕಿದರೆ ಕೆಳಗಿನದು ಮೊದಲು ಕಡಿಯುತ್ತೆ.

ಇರೋ ಮಷಿನ್ ಸಾಕಾಗುತ್ತಾ?

ಬಹುತೇಕ ಸಾಕು. ಅಜ್ಜಿ ಕಾಲದ ಕಪ್ಪು ಎರಕದ ತಲೆಯ ಕಾಲ್ ಮಷಿನ್ ಇದ್ದರಂತೂ ಅದೃಷ್ಟ. ಒಳಗಿರೋದೆಲ್ಲಾ ಕಬ್ಬಿಣ, ಹೊಲಿಯೋದು ಒಂದೇ ನೇರ ಹೊಲಿಗೆ, ಕೆಡೋಕೆ ಜಾಸ್ತಿ ಏನೂ ಇಲ್ಲ. ಕರೆಂಟ್ ಹೋದರೂ ನಿಲ್ಲಲ್ಲ. ಅದಕ್ಕೆ 18 ನಂಬರ್ ಸೂಜಿ ಹಾಕಿ, 60ರ ದಾರ ಏರಿಸಿ, ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ ನೋಡಿ. ಬಟ್ಟೆಗೆ ಹಾಕೋ 14 ಅಥವಾ 16ರ ಸೂಜಿಯಲ್ಲೇ ದಪ್ಪ ದಾರ ಪೋಣಿಸಿದರೆ ದಾರ ಕಿತ್ತು ಕಿತ್ತು ಬರುತ್ತೆ, ಸೂಜಿ ಮುರಿಯುತ್ತೆ. ಬೈಗುಳ ಮಾತ್ರ ಮಷಿನ್‌ಗೆ.

ದಪ್ಪ ಇರೋ ಕಡೆ ಕಾಲು ತುಳಿಯೋದು ನಿಲ್ಲಿಸಿ ಚಕ್ರವನ್ನ ಕೈಯಲ್ಲಿ ತಿರುಗಿಸಿ. ಪಟ್ಟಿ ಮೇಲೆ ಹತ್ತುವಾಗ ಫುಟ್ ಓರೆಯಾಗಿ ಹೊಲಿಗೆ ತಪ್ಪುತ್ತೆ. ಫುಟ್ ಹಿಂಭಾಗದ ಕೆಳಗೆ ಅಷ್ಟೇ ದಪ್ಪಕ್ಕೆ ಮಡಿಸಿದ ಬಟ್ಟೆ ತುಂಡು ಇಟ್ಟರೆ ಸಮ ಆಗುತ್ತೆ. ಇಷ್ಟು ಉಪಾಯಕ್ಕೇ ಅರ್ಧ ಸಮಸ್ಯೆ ಹೋಗುತ್ತೆ.

ಮೊಬೈಲ್‌ನಲ್ಲಿ ಜಾಹೀರಾತು ಬರೋ ಅಂಗೈ ಅಗಲದ ಪ್ಲಾಸ್ಟಿಕ್ ಮಿನಿ ಮಷಿನ್ ಈ ಕೆಲಸಕ್ಕೆ ದಂಡ. ಹತ್ತಾರು ಡಿಸೈನ್ ಹೊಲಿಗೆ ಬರೋ ಫ್ಯಾನ್ಸಿ ಮಷಿನ್ ಸಹ ಬ್ಯಾಗಿಗೆ ಹೇಳಿದ್ದಲ್ಲ. ಡಿಸೈನ್ ಜಾಸ್ತಿ ಅಂದ ಮಾತ್ರಕ್ಕೆ ದಪ್ಪ ಬಟ್ಟೆ ಚುಚ್ಚೋ ಶಕ್ತಿ ಜಾಸ್ತಿ ಅಂತಲ್ಲ.

ಗಾರ್ಮೆಂಟ್ಸ್‌ನಲ್ಲಿ ಓಡೋ ಪವರ್ ಮಷಿನ್ ಬಗ್ಗೆ ಕೇಳೋರು ಜಾಸ್ತಿ. ಅದು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕೋಕೆ ಮಾಡಿರೋದು, ಅಂಗಿ ಬಟ್ಟೆಗೆ. ಬ್ಯಾಗಿಗೆ ಬೇಕಾದ್ದು ವೇಗ ಅಲ್ಲ, ನಿಧಾನ ಮತ್ತು ಬಲ. ಅಂಥದ್ದೇ ತಗೊಳ್ಳೋದಾದರೆ ದಪ್ಪ ಬಟ್ಟೆಯ ಮಾಡೆಲ್ ಕೇಳಿ, ಸರ್ವೋ ಮೋಟಾರ್ ಇರೋದು ನೋಡಿ. ಹಳೇ ಕ್ಲಚ್ ಮೋಟಾರ್ ಸ್ವಿಚ್ ಹಾಕಿದ ಗಳಿಗೆಯಿಂದ ಹೊಲಿದರೂ ಹೊಲಿಯದಿದ್ದರೂ ಗುಂಯ್ ಅಂತ ತಿರುಗ್ತಾ ಕರೆಂಟ್ ತಿನ್ನುತ್ತೆ. ಸರ್ವೋ ಕಾಲಿಟ್ಟಾಗ ಮಾತ್ರ ತಿರುಗುತ್ತೆ, ವೇಗ ಕಡಿಮೆ ಮಾಡಬಹುದು. ಇದರ ಸೂಜಿಯೂ ಬೇರೆ. ಮನೆ ಮಷಿನ್ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ಇದರದ್ದು ದುಂಡಗೆ. ಒಂದರದ್ದು ಇನ್ನೊಂದಕ್ಕೆ ಬರಲ್ಲ.

ಕಾರು ಸೀಟು, ದೊಡ್ಡ ಬ್ಯಾಗು ಹೊಲಿಯೋರ ಹತ್ತಿರ ಇರೋದು ವಾಕಿಂಗ್ ಫುಟ್ ಮಷಿನ್. ಕೆಳಗಿನ ಹಲ್ಲಿನ ಜೊತೆ ಸೂಜಿ, ಮೇಲಿನ ಫುಟ್ ಎರಡೂ ಬಟ್ಟೆಯನ್ನ ಹಿಡಿದು ಮುಂದೆ ನಡೆಸುತ್ತವೆ. ಹೀಗಾಗಿ ನಾಲ್ಕೈದು ಪದರ ಇದ್ದರೂ ಮೇಲಿನದು ಜರುಗಲ್ಲ. ಫ್ರೇಮ್ ಚೀಲಕ್ಕೆ ನಿಜವಾಗಿ ಹೇಳಿ ಮಾಡಿಸಿದ್ದು ಇದೇ. ಆದರೆ ದುಬಾರಿ. ತಿಂಗಳಿಗೆ ನಾಲ್ಕು ಚೀಲ ಹೊಲಿಯೋರಿಗೆ ಬೇಡವೇ ಬೇಡ. ಉಳಿದದ್ದೆಲ್ಲಾ ಮನೆಯಲ್ಲಿ ಹೊಲಿದು, ಪಟ್ಟಿ ಸೇರೋ ಆರೇಳು ಜಾಗ ಮಾತ್ರ ಸೀಟ್ ಕೆಲಸದವರ ಹತ್ತಿರ ಹಾಕಿಸಿಕೊಂಡು ಬಂದರೆ ಕೆಲಸವೂ ಆಗುತ್ತೆ, ಸಾಲವೂ ಇಲ್ಲ. ಪಟ್ಟಿ ಕಿತ್ತ ಸ್ಪ್ರೇಯರ್‌ಗೂ ಇದೇ ದಾರಿ.

ಸೆಕೆಂಡ್ ಹ್ಯಾಂಡ್ ಮಷಿನ್ ನೋಡೋಕೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗೋರು ತಮ್ಮ ಬಟ್ಟೆ, ಪಟ್ಟಿ, ದಾರ ತಗೊಂಡೇ ಹೋಗಿ. ಅಂಗಡಿಯವರು ತೋರಿಸೋ ತೆಳು ಬಟ್ಟೆ ಮೇಲೆ ಎಲ್ಲಾ ಮಷಿನ್ನೂ ಚೆನ್ನಾಗೇ ಓಡುತ್ತೆ. ನಾಲ್ಕು ಪದರ ಬ್ಯಾಗ್ ಬಟ್ಟೆ, ಮೇಲೆ ಎರಡು ಪದರ ಪಟ್ಟಿ ಇಟ್ಟು ಹೊಲಿಸಿ, ಕೆಳಗಡೆ ದಾರ ಗುಂಜು ಗುಂಜಾಗಿದೆಯಾ ನೋಡಿ. ಸೂಜಿ ಹಿಡಿಯೋ ಕಂಬಿಯನ್ನ ಬೆರಳಲ್ಲಿ ಅಲ್ಲಾಡಿಸಿ, ಲೊಡಲೊಡ ಅಂದರೆ ಸವೆದಿದೆ. ಶಟಲ್‌ನ ಮೊನೆ ಮುರಿದಿದೆಯಾ, ಗೀಚಿದೆಯಾ ಅಂತ ಉಗುರು ಆಡಿಸಿ ನೋಡಿ. ಹೊಸ ಪೇಂಟಿಗೆ ಮರುಳಾಗಬೇಡಿ.

ಟೈಲರಿಂಗೇ ಕಸುಬು ಆಗಿರೋರಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಿದೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಮೀನಿನ ಬಲೆ ಹೆಣೆಯೋದೂ ಇದೆ. ತರಬೇತಿ ದಿನಗಳಿಗೆ 500 ರೂ. ಭತ್ಯೆ, ಉಪಕರಣಕ್ಕೆ 15,000 ರೂ.ವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತು 1 ಲಕ್ಷದವರೆಗೆ ಸಾಲ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ.

ಅಂಗಡಿಯವರಿಗೂ ಒಂದು ಮಾತು. 18ರ ಸೂಜಿ, 60 ಮತ್ತು 40ರ ಪಾಲಿಯೆಸ್ಟರ್ ದಾರ, ಒಂದು ಇಂಚು ಹಾಗೂ ಒಂದೂವರೆ ಇಂಚಿನ ಪಟ್ಟಿ, ಬಕಲ್ಲು, 8 ನಂಬರ್ ಜಿಪ್ಪು, ಐಲೆಟ್ಟು. ಇಷ್ಟು ಸಾಮಾನು ಒಂದು ಡಬ್ಬದಲ್ಲಿ ಹಿಡಿಯುತ್ತೆ. ಸಂತೆಬೆನ್ನೂರು, ಕೆರೆಬಿಳಚಿ ಕಡೆಯವರು ಹತ್ತು ರೂಪಾಯಿ ಸೂಜಿಗೆ ಬಸ್ ಚಾರ್ಜ್ ಕೊಟ್ಟು ಪೇಟೆಗೆ ಹೋಗೋದು ತಪ್ಪುತ್ತೆ. ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ ನಡ್ಕೊಂಡು ಹೋಗೋರು, ಜೂನ್‌ನಲ್ಲಿ ಶಾಲೆ ಮಕ್ಕಳು, ಗಿರಾಕಿಗೆ ಕೊರತೆ ಇಲ್ಲ.

ಮಕ್ಕಳ ಬ್ಯಾಗಿಗೆ ಮಾತ್ರ ಪೈಪಿನ ಫ್ರೇಮ್ ಬೇಡ, ಅದರದ್ದೇ ಒಂದು ತೂಕ ಆಗುತ್ತೆ. ರಾಜ್ಯ ಸರ್ಕಾರ 2019ರ ಮೇನಲ್ಲಿ ಹೊರಡಿಸಿದ ಆದೇಶದ ಪ್ರಕಾರ 1–2ನೇ ತರಗತಿಗೆ ಬ್ಯಾಗಿನ ತೂಕ 1.5ರಿಂದ 2 ಕೆ.ಜಿ., 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕೆ.ಜಿ. ದಾಟಬಾರದು. ಅಷ್ಟಕ್ಕೆ ಬೆನ್ನಿನ ಕಡೆ ಫೋಮ್ ಹಾಳೆ ಹಾಕಿ, ಪಟ್ಟಿ ಎರಡೂವರೆ ಇಂಚು ಅಗಲ ಮಾಡಿ, ಆ ಗುಣಾಕಾರದ ಹೊಲಿಗೆ ಹಾಕಿದರೆ ಸಾಕು.

ದೊಡ್ಡವರ ಚೀಲ ಹೊಲಿದು ಮುಗಿದ ಮೇಲೆ ಅವತ್ತೇ ಹೆಗಲಿಗೆ ಹಾಕಬೇಡಿ. 20 ಲೀಟರ್ ನೀರಿನ ಕ್ಯಾನ್ ಒಳಗಿಟ್ಟು, ಹೆಗಲಿನ ಪಟ್ಟಿ ಹಿಡಿದು ತೊಲೆಗೆ ಒಂದು ರಾತ್ರಿ ನೇತು ಹಾಕಿ, ನೆಲದಿಂದ ಗೇಣುದ್ದ ಮೇಲೆ ಇದ್ದರೆ ಸಾಕು. ಬೆಳಗ್ಗೆ ಎದ್ದು ಪಟ್ಟಿ ಸೇರೋ ಜಾಗ ನೋಡಿ. ಸೂಜಿ ತೂತು ಉದ್ದವಾಗಿ ಬಾಯಿ ಬಿಟ್ಟಿದ್ದರೆ ಬಿಚ್ಚಿ, ಹಿಂದೆ ಇನ್ನೊಂದು ತುಂಡು ಬಟ್ಟೆ ಕೊಟ್ಟು ಮತ್ತೆ ಹೊಲಿಯಬೇಕು.