ನಿಮ್ಮ ದನಿಗೆ ಎಷ್ಟು ಮಾರ್ಕ್ಸ್?

ನಾಸಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತ್. ಈರುಳ್ಳಿ, ಟೊಮೆಟೊ ಹರಾಜಿಗೆ ಹೆಸರಾದ ಊರು. ಇಲ್ಲಿ ರೇಟು ಕೂಗುವವರಿಗೆ ದನಿಯೇ ಬಂಡವಾಳ. ಆ ದನಿ ಗಟ್ಟಿಯಾಗಿದೆಯೋ, ಸವೆದಿದೆಯೋ? ಅಳೆಯೋದು ಹೇಗೆ?

ಮೊದಲ ಪರೀಕ್ಷೆಗೆ ಗಡಿಯಾರ ಸಾಕು. ಉಸಿರು ತುಂಬಿಕೊಂಡು ಒಂದೇ ಸಮನೆ "ಆ..." ಅನ್ನಿ. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 15ರಿಂದ 25 ಸೆಕೆಂಡ್ ಎಳೀತಾರೆ. 10 ಸೆಕೆಂಡೂ ದಾಟಲಿಲ್ವಾ? ಧ್ವನಿತಂತುಗಳ ನಡುವೆ ಗಾಳಿ ಸೋರ್ತಿರಬಹುದು. ಇಲ್ಲವೇ ಉಸಿರಿನ ಬಲವೇ ಕಡಿಮೆಯಿರಬಹುದು.

ಯಾವುದು ಅಂತ ತಿಳಿಯೋಕೆ ಎರಡನೇ ಪರೀಕ್ಷೆ. ಮೊದಲು ಹಾವಿನ ಹಾಗೆ "ಸ್ಸ್ಸ್", ಆಮೇಲೆ ದುಂಬಿಯ ಹಾಗೆ "ಝ್ಝ್ಝ್". "ಸ್" ಅಂದಾಗ ತಂತುಗಳು ಕಂಪಿಸಲ್ಲ, "ಝ್" ಅಂದಾಗ ಕಂಪಿಸ್ತವೆ. "ಸ್" ಉದ್ದ ಬಂದು "ಝ್" ಬೇಗ ನಿಂತ್ರೆ ಅನುಮಾನ ತಂತುಗಳ ಮೇಲೆ.

ಮೂರನೆಯದು, ಕಣ್ಣಾರೆ ನೋಡೋದು. 1854ರಲ್ಲಿ ಸಂಗೀತ ಶಿಕ್ಷಕ ಮಾನ್ಯುಯೆಲ್ ಗಾರ್ಸಿಯಾ ಪುಟ್ಟ ಕನ್ನಡಿ, ಬಿಸಿಲು ಬಳಸಿ ತಮ್ಮದೇ ಧ್ವನಿತಂತು ನೋಡಿದ್ರು. ಮಾತಾಡುವಾಗ ಅವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸ್ತವೆ. ಆ ವೇಗ ಬರಿಗಣ್ಣಿಗೆ ಸಿಗಲ್ಲ. ಅದಕ್ಕೇ ಈಗ ಸ್ಟ್ರೋಬೋಸ್ಕೋಪಿ: ಮಿನುಗುವ ಬೆಳಕಲ್ಲಿ ಆ ಕಂಪನ ಸ್ಲೋ ಮೋಷನ್ ಥರ ಕಾಣುತ್ತೆ.

ನಾಲ್ಕನೆಯದು ಕಂಪ್ಯೂಟರ್. ಕಂಪನದಿಂದ ಕಂಪನಕ್ಕೆ ದನಿ ಎಷ್ಟು ನಡುಗುತ್ತೆ ಅಂತ ಲೆಕ್ಕ ಹಾಕುತ್ತೆ. ಕನ್ನಡಿಗರಿಗೆ ಇಂಥ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮನೆ ಪರೀಕ್ಷೆ ಬರೀ ಸುಳಿವು, ತೀರ್ಪಲ್ಲ. ಗಂಟಲು ಕಟ್ಟಿ ಮೂರು ವಾರವಾದ್ರೂ ದನಿ ಸರಿಹೋಗದಿದ್ರೆ ಕಷಾಯ ಸಾಕು ಮಾಡಿ, ಇಎನ್‌ಟಿ ಡಾಕ್ಟರ ಹತ್ರ ಹೋಗಿ.